ಸೆರೆಮನೆಯ ಬಾಗಿಲಲ್ಲಿ ನಿಂತಿರುವ ಹೆಣ್ಣು

1979ರಲ್ಲಿ ಬಿಹಾರದ ಸೆರೆಮನೆಗಳ ದಾರುಣ ಸ್ಥಿತಿಯು ಸುಪ್ರೀಮ್ ಕೋರ್ಟಿನ ಮುಂದೆ ಬಂದಾಗ ಆ ಮೊಕದ್ದಮೆಗೆ ಹೆಸರಾದವರು ಹುಸೈನಾರಾ ಖಾತೂನ್ ಎಂಬ ಮಹಿಳಾ ಕೈದಿ. ಅರ್ಜಿ ಸಲ್ಲಿಸಿದವರೂ ಓರ್ವ ಮಹಿಳೆಯೇ, ನ್ಯಾಯವಾದಿ ಪುಷ್ಪಾ ಕಪಿಲಾ ಹಿಂಗೋರಾಣಿ. ವಿಚಾರಣೆಯೇ ನಡೆಯದೆ, ಆರೋಪ ಸಾಬೀತಾದರೆ ಸಿಗಬಹುದಾಗಿದ್ದ ಗರಿಷ್ಠ ಶಿಕ್ಷೆಗಿಂತಲೂ ದೀರ್ಘಕಾಲ ಬಂಧನದಲ್ಲಿ ಕಳೆದವರು ಅಲ್ಲಿದ್ದರು. ಅಷ್ಟೇ ಅಲ್ಲ, ಯಾವ ಆರೋಪವೂ ಇಲ್ಲದ, ಅಪರಾಧಕ್ಕೆ ಬಲಿಯಾದ ಅಥವಾ ಸಾಕ್ಷಿ ನುಡಿಯಬೇಕಿದ್ದ ಸ್ತ್ರೀಯರನ್ನೂ 'ರಕ್ಷಣೆ'ಯ ಹೆಸರಿನಲ್ಲಿ ಕೂಡಿಹಾಕಲಾಗಿತ್ತು. ನ್ಯಾಯಾಲಯವು ಅವರ ಬಿಡುಗಡೆಗೆ ಆದೇಶಿಸಿತು. ತ್ವರಿತ ವಿಚಾರಣೆಯು ಸಂವಿಧಾನದ 21ನೇ ವಿಧಿಯಲ್ಲಿ ಅಡಕವಾದ ಹಕ್ಕೆಂದು ಸಾರಿತು.

ಅಪರಾಧವಿಲ್ಲದೆಯೇ ಅಪರಾಧಿಯಾಗಿಸುವ ಈ ಮನೋಭಾವ ಹೊಸದಲ್ಲ. 1871ರಲ್ಲಿ ಬ್ರಿಟಿಷ್ ಸರಕಾರವು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಮೂಲಕ ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳ ಪಟ್ಟಿಗೆ ಸೇರಿಸಿತು. ಪೊಲೀಸರ ಮುಂದೆ ಹಾಜರಿ ನೀಡಬೇಕಿತ್ತು, ಊರು ಬಿಡಲು ಪರವಾನಗಿ ಬೇಕಿತ್ತು. ನಮ್ಮ ಹುಬ್ಬಳ್ಳಿಯಲ್ಲಿಯೂ ಅಂತಹವರನ್ನು ಇರಿಸುವ 'ಸೆಟ್ಲ್‌ಮೆಂಟ್' ಇತ್ತು. ನಂತರದ ತಿದ್ದುಪಡಿಗಳು ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸುವ ಅಧಿಕಾರವನ್ನೂ ನೀಡಿದವು. ತೊಟ್ಟಿಲು ಬರಿದಾದ ತಾಯಿಯು ಮಾಡಿದ್ದ ಅಪರಾಧವಾದರೂ ಏನು? 1952ರಲ್ಲಿ ಆ ಕಾಯ್ದೆ ರದ್ದಾಯಿತು, ಕಳಂಕ ಅಳಿಯಲಿಲ್ಲ. ಕಾರಾಗೃಹ ಕೈಪಿಡಿಗಳಲ್ಲಿ ಅದು ಇನ್ನೂ ಉಳಿದಿರುವುದನ್ನು ಬಯಲಿಗೆಳೆದು ನ್ಯಾಯಾಲಯದ ಮೆಟ್ಟಿಲೇರಿದವರು ಪತ್ರಕರ್ತೆ ಸುಕನ್ಯಾ ಶಾಂತಾ. 2024ರ ಅಕ್ಟೋಬರಿನಲ್ಲಿ ಸುಪ್ರೀಮ್ ಕೋರ್ಟ್ ಅಂತಹ ನಿಯಮಗಳನ್ನು ಅಸಿಂಧುಗೊಳಿಸಿತು.

2022ರ ಕೊನೆಯಲ್ಲಿ ದೇಶದ ಕಾರಾಗೃಹಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ ನಾಲ್ಕರಲ್ಲಿ ಮೂರು ಭಾಗ ವಿಚಾರಣಾಧೀನರು. ಅವರಲ್ಲಿ ಸರಿಸುಮಾರು ಐದನೇ ಒಂದು ಭಾಗ ಮುಸ್ಲಿಮರು; 2011ರ ಜನಗಣತಿಯಂತೆ ನಮ್ಮ ಜನಸಂಖ್ಯೆ ಶೇ. 14.2 ಮಾತ್ರ. ಈ ಅನ್ಯಾಯವನ್ನು ನಾವು ವೇದಿಕೆಗಳಲ್ಲಿ ಪ್ರಸ್ತಾಪಿಸುತ್ತೇವೆ. ಆದರೆ ಬಂಧಿತನ ಮನೆಯಲ್ಲಿ ಉಳಿದವಳ ಕುರಿತು ಮಾತನಾಡುವುದಿಲ್ಲ. ಬಾಡಿಗೆ, ಮಕ್ಕಳ ಶಾಲಾ ಶುಲ್ಕ, ವಕೀಲರ ಶುಲ್ಕ, ತಿಂಗಳ ಭೇಟಿಯ ಬಸ್ ಖರ್ಚು ಇವೆಲ್ಲವನ್ನೂ ಬೀಡಿ ಸುತ್ತಿ, ಬಟ್ಟೆ ಹೊಲಿದು ಭರಿಸುವವಳು ಅವಳು. ಶಿಕ್ಷೆ ಒಬ್ಬನಿಗಲ್ಲ, ಮನೆಗೇ ಆಗಿರುತ್ತದೆ. ಇನ್ನು ಹೆಣ್ಣೇ ಬಂಧನಕ್ಕೊಳಗಾದರೆ? ಪುರುಷ ಕೈದಿಯನ್ನು ಕಾಣಲು ತಾಯಿ, ಪತ್ನಿ, ಸಹೋದರಿ ಸಾಲುಗಟ್ಟಿ ನಿಲ್ಲುತ್ತಾರೆ. ಅವಳನ್ನು ಕಾಣಲು ಎಷ್ಟು ಮಂದಿ ಹೋಗುತ್ತಾರೆ?

ನಿರಪರಾಧಿಯೆಂದು ಬಿಡುಗಡೆಯಾಗಿ ಬಂದವಳಿಗೂ ಮನೆಯ ಬಾಗಿಲು ಮುಚ್ಚುವ, ಅವಳ ಮಗಳ ವಿವಾಹ ಸಂಬಂಧವನ್ನು ಮುರಿಯುವ ಸಮಾಜವು ಆ ಹಳೆಯ ಕಾಯ್ದೆಗಿಂತ ಯಾವ ರೀತಿಯಲ್ಲಿ ಭಿನ್ನ? ಒಬ್ಬರ ಪಾಪದ ಹೊರೆಯನ್ನು ಇನ್ನೊಬ್ಬರು ಹೊರಲಾರರೆಂಬುದು ಇಸ್ಲಾಮಿನ ಮೂಲಭೂತ ಬೋಧನೆ. ಅದನ್ನು ನಾವು ಸರಕಾರಕ್ಕೆ ನೆನಪಿಸುವ ಮೊದಲು ನಮ್ಮ ಮೊಹಲ್ಲಾಗಳಲ್ಲಿ ಪಾಲಿಸಬೇಕಾಗಿದೆ.

ಮಾರ್ಗಗಳಿಲ್ಲದಿಲ್ಲ. ಮಹಿಳೆಯರಿಗೂ ಬಂಧನದಲ್ಲಿರುವವರಿಗೂ ಉಚಿತ ಕಾನೂನು ನೆರವು 1987ರ ಕಾಯ್ದೆಯಂತೆ ಹಕ್ಕಾಗಿದೆ. ಜಾಮೀನಿನ ಹಣವಿಲ್ಲದ ಬಡ ಕೈದಿಗಳಿಗಾಗಿ 2023ರಲ್ಲಿ ಕೇಂದ್ರದ ನೆರವು ಯೋಜನೆಯೂ ಬಂದಿದೆ. ಅರ್ಜಿ ಬರೆದುಕೊಡುವವರು, ಜೊತೆಗೆ ಕಚೇರಿಗೆ ಹೋಗುವವರು ಬೇಕು. ಪ್ರತಿಯೊಂದು ಜಮಾಅತ್ ಕಮಿಟಿಯೂ ತನ್ನ ವ್ಯಾಪ್ತಿಯ ಇಂತಹ ಮನೆಗಳನ್ನು ಗುರುತಿಸಲಿ. ಆ ಕಾರ್ಯದಲ್ಲಿ ವಿದ್ಯಾವಂತ ಸಹೋದರಿಯರಿಗೆ ಹೊಣೆ ವಹಿಸಲಿ. ಸೆರೆಯಾಳಿಗೆ ಅನ್ನ ನೀಡುವವರನ್ನು ಪವಿತ್ರ ಕುರ್‌ಆನ್ ಪ್ರಶಂಸಿಸಿದೆ. ಸೆರೆಯಾಳಿನ ಮಕ್ಕಳು ಹಸಿದು ಮಲಗುವ ಮೊಹಲ್ಲಾದಲ್ಲಿ ನೆಮ್ಮದಿಯಿಂದ ಉಂಡು ಮಲಗಲು ನಮಗೆ ಹೇಗೆ ಸಾಧ್ಯ?