ಮರಳಿ ಬರುವ ದಾರಿ, ಬಾರದ ದಾರಿ



ದೀಪಾವಳಿ ರಜೆಗೆ ಮೊಮ್ಮಗ ಊರಿಗೆ ಬಂದಿದ್ದ. ಒಂಬತ್ತನೇ ಇಯತ್ತೆಯ ಹುಡುಗ. ಒಂದು ಮಧ್ಯಾಹ್ನ ಕಾಗದದಲ್ಲಿ ಏನನ್ನೋ ಸುತ್ತಿಕೊಂಡು ಓಡಿ ಬಂದ.

“ಅಜ್ಜಾ, ಈ ಕಲ್ಲಿಗೆ ನೀರ ಹಾಕಿದ್ರ ಬುಸ್ ಅಂತ ಗಾಳಿ ಬರ್ತೈತಿ ನೋಡು!”

“ಎಲ್ಲಿಂದ ತಂದಿಪಾ?”

“ವೆಲ್ಡಿಂಗ್ ಗ್ಯಾರೇಜ್ ಮುಂದ ಬಿದ್ದಿತ್ತು.”

ಕಾಗದ ಬಿಚ್ಚಿದೆ. ಬೂದು ಬಣ್ಣದ ಕಲ್ಲು. ಬೆಳ್ಳುಳ್ಳಿ ಕೊಳೆತಂಥ ವಾಸನೆ. ಅರವತ್ತು ವರ್ಷ ಹಿಂದಿನ ಚಿಂಚಲಿ ಮಾಯಕ್ಕನ ಜಾತ್ರೆ ಕಣ್ಣ ಮುಂದೆ ಬಂತು. ಆಗ ಬೆಂಡು-ಬತ್ತಾಸಿನ ಅಂಗಡಿಗಳಲ್ಲಿ ಕಾರ್ಬೈಡ್ ದೀಪ ಇರುತ್ತಿತ್ತು. ಕೆಳಗಿನ ಡಬ್ಬಿಯಲ್ಲಿ ಈ ಕಲ್ಲು, ಮೇಲಿನ ಡಬ್ಬಿಯಲ್ಲಿ ನೀರು. ನೀರು ಹನಿಹನಿಯಾಗಿ ಬಿದ್ದಂತೆ ಗ್ಯಾಸ್ ಹುಟ್ಟಿ, ಸಣ್ಣ ತೂತಿನಿಂದ ಹೊರಬಂದು ಬೆಳ್ಳಗೆ ಉರಿಯುತ್ತಿತ್ತು. ಅಜ್ಜಂದಿರೇ, ಆ ವಾಸನೆ ನಿಮಗೂ ನೆನಪಿರಬೇಕಲ್ಲ?

ಈ ಕಲ್ಲಿನ ಹೆಸರು ಕ್ಯಾಲ್ಸಿಯಂ ಕಾರ್ಬೈಡ್. ನೀರು ತಾಗಿದರೆ ಹೀಗಾಗುತ್ತದೆ:

ಕ್ಯಾಲ್ಸಿಯಂ ಕಾರ್ಬೈಡ್ + ನೀರು → ಅಸಿಟಲೀನ್ + ಸುಣ್ಣ

ಅಸಿಟಲೀನ್ ಅನಿಲವನ್ನು 1836ರಲ್ಲಿ ಮೊದಲು ಕಂಡವರು ಎಡ್ಮಂಡ್ ಡೇವಿ. ಕಾರ್ಬೈಡಿಗೆ ನೀರು ಹಾಕಿದರೆ ಅದು ಸಿಗುತ್ತದೆ ಎಂದು 1862ರಲ್ಲಿ ತೋರಿಸಿದವರು ಜರ್ಮನಿಯ ಫ್ರೆಡರಿಕ್ ವೋಲರ್. ಆ ಕೆಟ್ಟ ವಾಸನೆ ಅಸಿಟಲೀನಿನದಲ್ಲ, ಕಲ್ಲಿನೊಳಗೆ ಬೆರೆತಿರುವ ರಂಜಕದಂಥ ಕಲ್ಮಶದ್ದು.

“ಇದನ್ನ ಒಣ ಡಬ್ಬಿಯೊಳಗ ಇಡೋಣು. ಮೊದಲ ನನ್ನ ಮಾತ ಕೇಳು” ಎಂದು ಅವನನ್ನು ಅಡುಗೆಮನೆಗೆ ಕರೆದೊಯ್ದೆ. ಅವನ ಅಜ್ಜಿಯಿಂದ ಎರಡು ನಿಂಬೆಹಣ್ಣು, ಒಂದು ಹಿಡಿ ನೆನೆಸಿದ ಕಡಲೆ ಮತ್ತು ಕಸಬರಿಗೆಯ ಕಡ್ಡಿ ಇಸಿದುಕೊಂಡೆ. ನಿಂಬೆಹಣ್ಣು ಕಾರ್ಬನ್, ನಾವು ಓದುವಾಗ ಅದನ್ನು ಇಂಗಾಲ ಅನ್ನುತ್ತಿದ್ದೆವು. ಕಡಲೆಕಾಳು ಹೈಡ್ರೋಜನ್. ಕಡ್ಡಿ ಅಂದರೆ ಕೈ. ಕಾರ್ಬನ್ನಿಗೆ ನಾಲ್ಕು ಕೈ, ಹೈಡ್ರೋಜನ್ನಿಗೆ ಒಂದೇ ಕೈ. ಯಾವ ಕೈಯೂ ಖಾಲಿ ಇರಬಾರದು. ಆಟದ ನಿಯಮ ಇಷ್ಟೇ.

ಮೊದಲು ಎರಡು ನಿಂಬೆಹಣ್ಣಿನ ನಡುವೆ ಮೂರು ಕಡ್ಡಿ ಚುಚ್ಚಿದೆವು. ಒಂದೊಂದಕ್ಕೆ ಒಂದೊಂದೇ ಕೈ ಉಳಿಯಿತು, ಅದಕ್ಕೆ ಒಂದೊಂದು ಕಡಲೆ. ಇದೇ ಅಸಿಟಲೀನ್, ಪುಸ್ತಕದ ಹೆಸರು ಈಥೈನ್. ಹೀಗೆ ತ್ರಿಬಂಧ ಇರುವವರ ಮನೆತನವೇ ಆಲ್ಕೈನ್.

ನಡುವಿನ ಒಂದು ಕಡ್ಡಿ ತೆಗೆದೆವು. ಈಗ ದ್ವಿಬಂಧ, ನಾಲ್ಕು ಕಡಲೆ. ಇದು ಈಥೀನ್, ಇನ್ನೊಂದು ಹೆಸರು ಎಥಿಲೀನ್.

ಮತ್ತೊಂದು ತೆಗೆದೆವು. ನಡುವೆ ಒಂದೇ ಕಡ್ಡಿ ಉಳಿಯಿತು, ಹೊರಗೆ ಆರು ಕೈ. ಐದಕ್ಕೆ ಕಡಲೆ, ಆರನೆಯದಕ್ಕೆ ಆಕ್ಸಿಜನ್ ಅಂತ ಒಂದು ಬೆಳ್ಳುಳ್ಳಿ ಎಸಳು, ಅದರ ತುದಿಗೆ ಒಂದು ಕಡಲೆ. ಕಾರ್ಬನ್ನಿಗೆ ಆಕ್ಸಿಜನ್-ಹೈಡ್ರೋಜನ್ ಜೋಡಿ ಹೀಗೆ ಹತ್ತಿಕೊಂಡರೆ ಅದು ಆಲ್ಕೋಹಾಲ್. ಇದರ ಹೆಸರು ಎಥನಾಲ್.

“ಎರಡ ಕಾರ್ಬನ್ ಅವೇ, ಹೆಸರ ಮೂರು!” ಅಂದ ಮೊಮ್ಮಗ.

ಹೆಸರಷ್ಟೇ ಅಲ್ಲ, ಕೆಲಸವೂ ಮೂರು. ಮೂರನ್ನೂ ನಮ್ಮ ಸೀಮೆಯಲ್ಲೇ ನೋಡಬಹುದು. ಅಸಿಟಲೀನ್ ವೆಲ್ಡಿಂಗ್ ಗ್ಯಾರೇಜಿನಲ್ಲಿದೆ. ಎಥಿಲೀನ್ ಬಾಳೆಗೊನೆಯೊಳಗಿದೆ, ಮಾವು, ಬಾಳೆ, ಚಿಕ್ಕು ಬಲಿತಾಗ ತಾವೇ ಈ ಅನಿಲ ಬಿಟ್ಟು ಹಣ್ಣಾಗುತ್ತವೆ. ಎಥನಾಲ್ ಕಬ್ಬಿನಿಂದ ಬರುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಿ ನಿಂತರೂ ಕಬ್ಬಿನ ಟ್ರ್ಯಾಕ್ಟರ್ ಕಾಣುವ ನಾಡು ನಮ್ಮದು. ಉಗಾರದ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದದ್ದು 1939ರಲ್ಲಿ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವೇ ಕಾಕಂಬಿ. ಅದಕ್ಕೆ ಯೀಸ್ಟ್ ಎಂಬ ಕಣ್ಣಿಗೆ ಕಾಣದ ಜೀವಿಯನ್ನು ಬಿಟ್ಟರೆ ಅದು ಸಕ್ಕರೆ ತಿಂದು ಎಥನಾಲನ್ನೂ ಕಾರ್ಬನ್ ಡೈ ಆಕ್ಸೈಡನ್ನೂ ಕೊಡುತ್ತದೆ. ಎಥನಾಲ್ 78 ಡಿಗ್ರಿಗೇ ಕುದಿಯುತ್ತದೆ, ನೀರು 100 ಡಿಗ್ರಿಗೆ. ಹಾಗಾಗಿ ಭಟ್ಟಿಯಲ್ಲಿ ಕಾಯಿಸಿ ಅದನ್ನು ಬೇರ್ಪಡಿಸುತ್ತಾರೆ. ಉಳಿದ ನೀರನ್ನೂ ತೆಗೆದರೆ ಪೆಟ್ರೋಲಿಗೆ ಬೆರೆಸಬಹುದು. ಇಂದು ಬಂಕಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲಿನವರೆಗೆ ಎಥನಾಲ್ ಇರುತ್ತದೆ.

ಒಂದು ಎಚ್ಚರಿಕೆ. ಎಥನಾಲಿಗೆ ಮೆಥನಾಲ್ ಎಂಬ ತಮ್ಮನಿದ್ದಾನೆ, ಅವನಿಗೆ ಕಾರ್ಬನ್ ಒಂದೇ. ನೋಟಕ್ಕೆ ಇಬ್ಬರೂ ನೀರಿನಂತೆ. ಆದರೆ ಮೆಥನಾಲ್ ಕೆಲವೇ ಚಮಚ ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗಬಹುದು. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಬಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು.

ಈಗ ಮೊಮ್ಮಗನದೊಂದು ಜಾಣ ಪ್ರಶ್ನೆ: “ಅಜ್ಜಾ, ಎಥಿಲೀನಿಗೆ ನೀರ ಕೂಡಿಸಿದ್ರ ಎಥನಾಲ್ ಆಗ್ತೈತೇನು? ಲೆಕ್ಕ ಸರಿ ಬರ್ತೈತಲ್ಲ?”

ಭಲೆ! ಲೆಕ್ಕ ಸರಿಯೇ ಇದೆ. ಕಬ್ಬಿಲ್ಲದ ಕಡೆ ಪೆಟ್ರೋಲಿಯಂನಿಂದ ಬಂದ ಎಥಿಲೀನಿಗೆ ಹಬೆ ಕೂಡಿಸಿ ಹೀಗೆ ಎಥನಾಲ್ ಮಾಡುವ ಕಾರ್ಖಾನೆಗಳೂ ಇವೆ. ಆದರೆ ಈ ದಾರಿಯಲ್ಲಿ ಹೋಗುವವರೂ ಇದ್ದಾರೆ, ಬರುವವರೂ ಇದ್ದಾರೆ:

ಎಥಿಲೀನ್ + ನೀರು ⇌ ಎಥನಾಲ್

ಕುಡಚಿ ಮತ್ತು ಉಗಾರದ ನಡುವೆ ಕೃಷ್ಣೆಯ ಮೇಲಿನ ಸೇತುವೆ ನೋಡಿದ್ದೀರಲ್ಲ? ಈಚೆ ರಾಯಬಾಗ ತಾಲೂಕು, ಆಚೆ ಕಾಗವಾಡ. ಗಂಟೆಗೆ ಐವತ್ತು ಮಂದಿ ಆಕಡೆ ಹೋದರು, ಐವತ್ತು ಮಂದಿ ಈಕಡೆ ಬಂದರು ಅಂದುಕೊಳ್ಳಿ. ಸೇತುವೆಯ ಮೇಲೆ ಓಡಾಟ ನಿಂತಿಲ್ಲ, ಆದರೆ ಎರಡೂ ಊರಿನ ಜನಸಂಖ್ಯೆ ಬದಲಾಗುವುದಿಲ್ಲ. ಇದೇ ರಾಸಾಯನಿಕ ಸಮತೋಲನ. ಎರಡೂ ಕಡೆ ಜನ ಸಮನಾಗಿರಬೇಕೆಂದೇನೂ ಇಲ್ಲ. ಹೋಗುವ ವೇಗ ಮತ್ತು ಬರುವ ವೇಗ ಸಮವಾಗಿದ್ದರೆ ಸಾಕು.

ಈ ಸಮತೋಲನವನ್ನು ಕೆಣಕಿದರೆ ಏನಾಗುತ್ತದೆ? ಫ್ರಾನ್ಸಿನ ಲೆ ಶಾಟೆಲಿಯೆ 1884ರಲ್ಲಿ ಅದಕ್ಕೊಂದು ಸೂತ್ರ ಹೇಳಿದರು: ನೀವು ಎತ್ತ ಒತ್ತುತ್ತೀರೋ, ಆ ಒತ್ತಡ ಕಡಿಮೆಯಾಗುವ ಕಡೆಗೆ ಅದು ವಾಲುತ್ತದೆ. ಎಥಿಲೀನಿನ ಒಂದು ಅಣು, ನೀರಿನ ಒಂದು ಅಣು ಸೇರಿ ಎಥನಾಲಿನ ಒಂದೇ ಅಣು ಆಗುತ್ತದೆ. ಇಬ್ಬರ ಜಾಗದಲ್ಲಿ ಒಬ್ಬರು! ಹಾಗಾಗಿ ಒತ್ತಡ ಹೆಚ್ಚಿಸಿದರೆ ಎಥನಾಲ್ ಹೆಚ್ಚು. ಈ ಕ್ರಿಯೆಯಲ್ಲಿ ಶಾಖ ಹೊರಬರುತ್ತದೆ, ಆದ್ದರಿಂದ ತಂಪಾಗಿಟ್ಟರೂ ಎಥನಾಲ್ ಹೆಚ್ಚು. ಆದರೆ ತೀರಾ ತಂಪಾದರೆ ಕ್ರಿಯೆ ಆಮೆಯಂತೆ ತೆವಳುತ್ತದೆ. ಅದಕ್ಕೇ ಕಾರ್ಖಾನೆಯವರು ನಡುವಿನ ದಾರಿ ಹಿಡಿದಿದ್ದಾರೆ: ಸುಮಾರು 300 ಡಿಗ್ರಿ ಶಾಖ, ವಾತಾವರಣದ ಅರವತ್ತು-ಎಪ್ಪತ್ತು ಪಟ್ಟು ಒತ್ತಡ, ಜೊತೆಗೆ ವೇಗ ಕೊಡಲು ಫಾಸ್ಫಾರಿಕ್ ಆಮ್ಲ. ಇಷ್ಟಾದರೂ ಒಂದು ಸುತ್ತಿಗೆ ನೂರರಲ್ಲಿ ಐದರಷ್ಟು ಎಥಿಲೀನ್ ಮಾತ್ರ ಎಥನಾಲ್ ಆಗುತ್ತದೆ. ಉಳಿದದ್ದನ್ನು ಮತ್ತೆ ಮತ್ತೆ ಒಳಗೆ ಬಿಡುತ್ತಾರೆ.

“ಹಂಗಾದ್ರ ಕಾರ್ಬೈಡ್ ಕಲ್ಲಿಂದೂ ಹಿಂಗs ಹೊಳ್ಳಿ ಬರ್ತೈತೇನು?”

ಈ ಪ್ರಶ್ನೆಗೇ ನಾನು ಕಾಯುತ್ತಿದ್ದೆ. ಇಲ್ಲ. ಮೇಲೆ ಬರೆದ ಎರಡು ಸಮೀಕರಣಗಳ ಬಾಣ ನೋಡಿ. ಎಥನಾಲಿನದು ಎರಡು ಕಡೆಯ ಬಾಣ, ಕಾರ್ಬೈಡಿನದು ಒಂದೇ ಕಡೆಯದು. ನೀರು ಬಿತ್ತೆಂದರೆ ಮುಗಿಯಿತು. ಶಾಖ ಹುಟ್ಟುತ್ತದೆ, ಗ್ಯಾಸ್ ಹುಟ್ಟುತ್ತದೆ, ಸುಣ್ಣ ಎಂದಿಗೂ ತಾನಾಗಿ ಕಲ್ಲಾಗುವುದಿಲ್ಲ. ಮೂರು ಕೈ ಬಿಗಿದ ಆ ಜೋಡಿಯಲ್ಲಿ ಅಪಾರ ಶಕ್ತಿ ಅಡಗಿದೆ. ಅಸಿಟಲೀನಿಗೆ ಆಕ್ಸಿಜನ್ ಬೆರೆಸಿ ಉರಿಸಿದರೆ 3000 ಡಿಗ್ರಿ ದಾಟುತ್ತದೆ ಎಂದು 1895ರಲ್ಲಿ ತೋರಿಸಿದವರೂ ಅದೇ ಲೆ ಶಾಟೆಲಿಯೆ. ಅದರಲ್ಲೇ ಕಬ್ಬಿಣ ಕರಗುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡೂವರೆ ಪಾಲು ಅಸಿಟಲೀನ್ ಸೇರಿದರೂ ಸಾಕು, ಒಂದು ಕಿಡಿಗೆ ಸ್ಫೋಟಿಸುತ್ತದೆ.

ನನ್ನ ಎಡ ಹುಬ್ಬಿನ ಮೇಲಿನ ಗಾಯದ ಗುರುತನ್ನು ಅವನ ಬೆರಳಿಗೆ ತಾಗಿಸಿದೆ. ಅವನಷ್ಟೇ ವಯಸ್ಸಿನಲ್ಲಿ, ಜಾತ್ರೆ ಮುಗಿದ ಮಾರನೆಯ ದಿನ, ಬಿದ್ದಿದ್ದ ಕಾರ್ಬೈಡ್ ಚೂರು ಆರಿಸಿಕೊಂಡು ನಾನೂ ಡಬ್ಬಿಯ ಆಟ ಆಡಿದ್ದೆ. ಮುಚ್ಚಳ ಹಾರಿ ಬಡಿಯಿತು. ಅರ್ಧ ಇಂಚು ಕೆಳಗೆ ಬಡಿದಿದ್ದರೆ ಈ ಅಂಕಣ ಬರೆಯಲು ಕಣ್ಣಿರುತ್ತಿರಲಿಲ್ಲ. ಇಷ್ಟು ವರ್ಷ ಅದನ್ನು ‘ಮರದಿಂದ ಬಿದ್ದದ್ದು’ ಅಂತ ಮನೆಯಲ್ಲಿ ಸುಳ್ಳು ಹೇಳಿಕೊಂಡು ಬಂದಿದ್ದೆ. ಬಾಗಿಲಲ್ಲಿ ನಿಂತಿದ್ದ ಅವನ ಅಜ್ಜಿಗೂ ಅಂದೇ ಗೊತ್ತಾಯಿತು! 2025ರ ದೀಪಾವಳಿಯಲ್ಲಿ ಭೋಪಾಲ ಮತ್ತು ಮಧ್ಯಪ್ರದೇಶದ ಬೇರೆ ಊರುಗಳಲ್ಲಿ ‘ಕಾರ್ಬೈಡ್ ಗನ್’ ಎಂಬ ಆಟಿಕೆಯಿಂದ ಎಷ್ಟೋ ಮಕ್ಕಳ ಕಣ್ಣಿಗೆ ಪೆಟ್ಟಾಯಿತು, ಕೆಲವರ ದೃಷ್ಟಿಯೇ ಹೋಯಿತು. ಕಣ್ಣಿನ ದಾರಿಗೂ ಬಾಣ ಒಂದೇ ಕಡೆಗೆ, ಮಕ್ಕಳೇ.

ಸಂಜೆ ಇಬ್ಬರೂ ಆ ಡಬ್ಬಿ ಹಿಡಿದು ಗ್ಯಾರೇಜಿಗೆ ಹೋಗಿ ಕಲ್ಲನ್ನು ಮರಳಿ ಕೊಟ್ಟೆವು. ಚೂರುಗಳನ್ನು ಹೊರಗೆ ಬಿಡಬೇಡಿ ಎಂದು ಮಾಲೀಕರಿಗೆ ಕೈಮುಗಿದು ಹೇಳಿ ಬಂದೆ.

ಅಜ್ಜಿಯರಿಗೊಂದು ಮಾತು. ಅಸಿಟಲೀನ್ ತನ್ನ ಸೋದರ ಎಥಿಲೀನಿನ ವೇಷ ಹಾಕಿ ಕಾಯಿಗೆ ಬಣ್ಣ ಬರಿಸಬಲ್ಲದು. ಹಾಗಾಗಿ ಕೆಲವರು ಮಾವಿಗೆ ಕಾರ್ಬೈಡ್ ಇಡುತ್ತಾರೆ. ಕಾರ್ಬೈಡಿನಲ್ಲಿ ಆರ್ಸೆನಿಕ್, ರಂಜಕದ ಅಂಶ ಇರುವುದರಿಂದ ನಮ್ಮ ದೇಶದಲ್ಲಿ ಹೀಗೆ ಹಣ್ಣು ಮಾಡುವುದು ನಿಷಿದ್ಧ. ನೀವು ಹುಲ್ಲಿನಲ್ಲಿ ಮುಚ್ಚಿ ಅಡಿ ಹಾಕುತ್ತಿದ್ದಿರಲ್ಲ, ಆ ವಿದ್ಯೆಯೇ ಸರಿ. ಕಾಯಿ ಬಿಟ್ಟ ಎಥಿಲೀನ್ ಹೊರಗೆ ಹೋಗದೆ ಅಲ್ಲೇ ಉಳಿಯುತ್ತದೆ.

ಮಾಡಿ ನೋಡಿ: ಎರಡು ಕಾಗದದ ಚೀಲ ತೆಗೆದುಕೊಳ್ಳಿ. ಎರಡರಲ್ಲೂ ಒಂದೊಂದು ಬಲಿತ ಬಾಳೆಕಾಯಿ ಇಡಿ. ಒಂದರಲ್ಲಿ ಮಾತ್ರ ಚೆನ್ನಾಗಿ ಕಳಿತ ಬಾಳೆಹಣ್ಣನ್ನೂ ಸೇರಿಸಿ ಬಾಯಿ ಮಡಚಿ. ದಿನಕ್ಕೊಮ್ಮೆ ಬಣ್ಣ ನೋಡಿ ಬರೆದಿಡಿ. ಯಾವುದು ಮೊದಲು ಹಣ್ಣಾಯಿತು, ಯಾಕೆ ಎಂದು ಅಜ್ಜ-ಅಜ್ಜಿಗೆ ನೀವೇ ಹೇಳಿಕೊಡಿ. ಆಮೇಲೆ ಹಣ್ಣು ಹಂಚಿಕೊಂಡು ತಿನ್ನಿ!