ಚೆಂಡಿನಿಂದ ಹುಟ್ಟಿದ ಬಾಹ್ಯಾಕಾಶದ ಭೂತ

ಬನ್ನೇರುಘಟ್ಟ ರಸ್ತೆಯಲ್ಲಿ ಬಿಳೇಕಹಳ್ಳಿ ದಾಟಿ ಹೋಗುವವರಿಗೆಲ್ಲ ಅಲ್ಲಿನ ಐಐಎಂ ಪರಿಚಿತ. ವಾಸ್ತುಶಿಲ್ಪಿ ಬಿ.ವಿ. ದೋಶಿ ರೂಪಿಸಿದ ಅದರ ಬೂದುಗಲ್ಲಿನ ಕಟ್ಟಡಗಳು, 2009ರಲ್ಲಿ ತೆರೆ ಕಂಡ ‘ತ್ರೀ ಈಡಿಯಟ್ಸ್’ ಹಿಂದಿ ಚಿತ್ರದಲ್ಲಿ ಎಂಜಿನಿಯರಿಂಗ್ ಕಾಲೇಜಿನ ವೇಷ ಹಾಕಿದವು. ಪ್ರೇಕ್ಷಕರು ತಕರಾರಿಲ್ಲದೆ ಒಪ್ಪಿಕೊಂಡರು. ಸಿನಿಮಾ ಎಂದರೆ ಅರ್ಧ ಇಂಥ ವೇಷವೇ ಅಲ್ಲವೆ? ಆದರೆ ಅಂಥದೇ ಒಂದು ಉದ್ದನೆಯ ಕಾರಿಡಾರನ್ನು, ಭೂಮಿಯಿಂದ ಎಷ್ಟೋ ಕೋಟಿ ಮೈಲಿ ಆಚೆಯ ಗಗನನೌಕೆ ಎಂದು ನಂಬಿಸಬೇಕಾದರೆ? ಅದರೊಳಗೆ ಒಂದು ಭಯಾನಕ ಜೀವಿಯೂ ಓಡಾಡಬೇಕಾದರೆ? ಅದೂ ಜೇಬಿನಲ್ಲಿ ಕಾಸಿಲ್ಲದಾಗ?

1970ರಲ್ಲಿ ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಇಂಥ ಸಾಹಸಕ್ಕೆ ಇಳಿದರು. ಒಬ್ಬ ಜಾನ್ ಕಾರ್ಪೆಂಟರ್, ಇನ್ನೊಬ್ಬ ಡ್ಯಾನ್ ಓಬ್ಯಾನನ್. ಚಿತ್ರದ ಹೆಸರು ‘ಡಾರ್ಕ್ ಸ್ಟಾರ್’. ಕಾಲೇಜಿನ ಕಿರುಚಿತ್ರವಾಗಿ ಆರಂಭವಾದದ್ದು ಕುಂಟುತ್ತ ಕುಂಟುತ್ತ ಬೆಳೆದು, 1974ರಲ್ಲಿ ಪೂರ್ಣಾವಧಿಯ ಚಿತ್ರವಾಯಿತು. ಒಟ್ಟು ಖರ್ಚು ಸುಮಾರು 60,000 ಡಾಲರು. ಹಾಲಿವುಡ್ಡಿನ ಲೆಕ್ಕದಲ್ಲಿ ಚಿಲ್ಲರೆ ಹಣ! ನಿರ್ದೇಶನ ಕಾರ್ಪೆಂಟರನದು. ಓಬ್ಯಾನನ್ ಚಿತ್ರಕಥೆಯಲ್ಲಿ ಕೈಜೋಡಿಸಿದ, ಸಂಕಲನ ಮಾಡಿದ, ಸೆಟ್ಟು ಹಾಗೂ ವಿಶೇಷ ಪರಿಣಾಮಗಳನ್ನು ನೋಡಿಕೊಂಡ. ಸಾಲದೆಂಬಂತೆ ಮುಖ್ಯ ಪಾತ್ರಗಳಲ್ಲೊಂದನ್ನೂ ತಾನೇ ಮಾಡಿದ.

ಕಥೆ ಇಷ್ಟೆ: 20 ವರ್ಷಗಳಿಂದ ಅಂತರಿಕ್ಷದಲ್ಲಿ ಅಲೆಯುತ್ತ ಬೇಸತ್ತ ಸಿಬ್ಬಂದಿ. ಅಸ್ಥಿರ ಗ್ರಹಗಳನ್ನು ಬಾಂಬು ಹಾಕಿ ಒಡೆಯುವುದು ಅವರ ಕೆಲಸ. ನೌಕೆಯಲ್ಲಿ ಸಾಕಿಕೊಂಡ ಅನ್ಯಗ್ರಹದ ಜೀವಿಯೊಂದು ತಪ್ಪಿಸಿಕೊಂಡು ಓಬ್ಯಾನನ್ ಪಾತ್ರವನ್ನು ಗೋಳು ಹುಯ್ದುಕೊಳ್ಳುತ್ತದೆ. ಆ ಜೀವಿ ಏನು ಗೊತ್ತೆ? ಕಡಲತೀರದಲ್ಲಿ ಮಕ್ಕಳು ಆಡುವ ಗಾಳಿ ತುಂಬಿದ ದೊಡ್ಡ ಚೆಂಡು. ಅದಕ್ಕೆ ಬಣ್ಣ ಬಳಿದು, ಉಗುರಿನ ಕಾಲು ಅಂಟಿಸಿದ್ದರು. ಮಾಡಿದ್ದು ನಗಿಸಲೆಂದೇ. ಚಿತ್ರದ ಕೊನೆಯಲ್ಲಿ ಸಿಡಿಯಲು ಹೊರಟ ಬಾಂಬಿನೊಡನೆ ತತ್ತ್ವಶಾಸ್ತ್ರ ಚರ್ಚಿಸುವ ಅಪೂರ್ವ ದೃಶ್ಯವೂ ಇದೆ. ಆದರೆ ಲಿಫ್ಟಿನ ಬಾವಿಯಲ್ಲಿ ಆ ಮನುಷ್ಯ ನೇತಾಡುವ ದೃಶ್ಯವನ್ನು ಅರ್ಧಕ್ಕೆ ಕತ್ತರಿಸಿದ್ದರೆ ಯಾರಿಗೂ ನಷ್ಟವಾಗುತ್ತಿರಲಿಲ್ಲ.

1975ರ ಆರಂಭದಲ್ಲಿ ಚಿತ್ರ ಅಮೆರಿಕದ ಚಿತ್ರಮಂದಿರಗಳಿಗೆ ಬಂತು. (ಅದೇ ವರ್ಷ ಏಪ್ರಿಲ್ 19ರಂದು ಕಕ್ಷೆ ಸೇರಿದ ‘ಆರ್ಯಭಟ’ ಉಪಗ್ರಹವನ್ನು ನಮ್ಮವರು ಕಟ್ಟಿದ್ದೂ ಪೀಣ್ಯದ ಶೆಡ್ಡುಗಳಲ್ಲೇ. ಬಡತನದ ಬಾಹ್ಯಾಕಾಶ ಬೆಂಗಳೂರಿಗೆ ಹೊಸದೇನಲ್ಲ!) ಪ್ರೇಕ್ಷಕರು ಓಬ್ಯಾನನ್ ಎಣಿಸಿದಂತೆ ನಗಲಿಲ್ಲ. ಆತನಿಗೆ ಅದು ನಾಟಿತು. ನಗಿಸಲಾಗದಿದ್ದರೆ ಹೋಗಲಿ, ಇದೇ ಕಥೆಯಿಂದ ಹೆದರಿಸಿದರೆ ಹೇಗೆ ಎಂದು ಯೋಚಿಸತೊಡಗಿದ.

ಅಷ್ಟರಲ್ಲಿ ಪ್ಯಾರಿಸ್ಸಿನಲ್ಲಿ ತಯಾರಾಗುತ್ತಿದ್ದ ‘ಡ್ಯೂನ್’ ಎಂಬ ಮಹಾ ಚಿತ್ರಕ್ಕೆ ಕರೆ ಬಂತು. ಆ ಚಿತ್ರ ನಿಂತೇಹೋಯಿತು. ಬರಿಗೈಯಲ್ಲಿ ಮರಳಿದ ಓಬ್ಯಾನನ್ ಗೆಳೆಯ ರೊನಾಲ್ಡ್ ಶುಸೆಟ್‌ನ ಮನೆಯ ಸೋಫಾದ ಮೇಲೆ ಮಲಗುವ ಸ್ಥಿತಿಗೆ ಬಂದ. ಜೊತೆಗೆ ಕ್ರೋನ್ಸ್ ಎಂಬ ಕರುಳಿನ ಬೇನೆ. ಯಾವ ತಂದೆತಾಯಿಯೂ ಮಗನಿಗೆ ಬಯಸುವ ಸ್ಥಿತಿಯಲ್ಲ. ಇಬ್ಬರು ಗೆಳೆಯರೂ ಕೂಡಿ ಕಥೆ ಹೆಣೆದರು. ಮನುಷ್ಯನ ದೇಹದೊಳಗೆ ಬೆಳೆದು ಎದೆಯೊಡೆದು ಹೊರಬರುವ ಜೀವಿಯ ಕಲ್ಪನೆಗೆ ಆತನ ಆ ಹೊಟ್ಟೆನೋವೂ ಪ್ರೇರಣೆ. ಹೀಗೆ ಹುಟ್ಟಿದ ಚಿತ್ರಕಥೆಯೇ 1979ರಲ್ಲಿ ರಿಡ್ಲೀ ಸ್ಕಾಟ್ ನಿರ್ದೇಶನದ ‘ಏಲಿಯನ್’ ಆಯಿತು. ಚೆಂಡಿನ ಜಾಗದಲ್ಲಿ ಈ ಬಾರಿ ಸ್ವಿಸ್ ಕಲಾವಿದ ಎಚ್.ಆರ್. ಗೀಗರ್ ರೂಪಿಸಿದ ಭೂತ.

ಆ ಚಿತ್ರಕ್ಕೆ ಒಂದು ಕೋಟಿ ಡಾಲರಿನಷ್ಟು ಖರ್ಚಾಯಿತು, ನಿಜ. ಆದರೂ ಬಡ ಚಿತ್ರಗಳ ಉಪಾಯಗಳನ್ನು ಅದು ಬಿಡಲಿಲ್ಲ. ನೌಕೆಯ ಕಾಲುಗಳು ಭಾರೀ ದೊಡ್ಡವಾಗಿ ಕಾಣಲೆಂದು ಸ್ಕಾಟ್ ತನ್ನ ಚಿಕ್ಕ ಮಕ್ಕಳಿಗೇ ಪುಟ್ಟ ಗಗನಯಾತ್ರಿ ಉಡುಪು ತೊಡಿಸಿ ಅವುಗಳ ಕೆಳಗೆ ನಡೆಸಿದ. ಭೂತದ ವೇಷದೊಳಗಿದ್ದವನು ಬೊಲಾಜಿ ಬಡೇಜೊ, ಲಂಡನ್ನಿನಲ್ಲಿ ಓದುತ್ತಿದ್ದ, ಬಹಳ ಎತ್ತರದ ನೈಜೀರಿಯಾದ ವಿದ್ಯಾರ್ಥಿ. ಆ ಭೂತ ತೆರೆಯ ಮೇಲೆ ಕಾಣುವುದೂ ಕೆಲವೇ ನಿಮಿಷ. ಉಳಿದದ್ದೆಲ್ಲ ಕತ್ತಲೆ, ಹೊಗೆ, ತೊಟ್ಟಿಕ್ಕುವ ನೀರು.

ಇದಕ್ಕೂ ಮೊದಲೇ, 1965ರಲ್ಲಿ ಇಟಲಿಯ ಮಾರಿಯೋ ಬಾವಾ ‘ಪ್ಲಾನೆಟ್ ಆಫ್ ದಿ ವ್ಯಾಂಪೈರ್ಸ್’ ಚಿತ್ರದಲ್ಲಿ ಒಂದು ಇಡೀ ಗ್ರಹವನ್ನೇ ಹೀಗೆ ಸೃಷ್ಟಿಸಿದ್ದ. ಸ್ಟುಡಿಯೋದಲ್ಲಿ ಹಳೆಯ ಪೌರಾಣಿಕ ಚಿತ್ರವೊಂದರ ಎರಡು ಪ್ಲಾಸ್ಟಿಕ್ ಬಂಡೆಗಳು ಉಳಿದಿದ್ದವು. ಕನ್ನಡಿ ಹಿಡಿದು ಅವನ್ನು ಹಲವಾಗಿಸಿ, ಮೇಲೆ ಬಣ್ಣದ ಬೆಳಕು, ಕೆಳಗೆ ಹೊಗೆ ಬಿಟ್ಟ.

ಹಾಗಾದರೆ ಹೆದರಿಕೆ ಬರುವುದು ಎಲ್ಲಿಂದ? ನಮ್ಮ ಕಥೆಗಳ ದೆವ್ವ ಮನೆಯ ಹೊರಗಿರುತ್ತದೆ. 90ರ ದಶಕದಲ್ಲಿ ಬೆಂಗಳೂರಿನ ಮನೆ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ಇಂದಿನ ತಾಯಿತಂದೆಯರು ಮರೆತಿರಲಾರರು. ಗಗನನೌಕೆಯಲ್ಲಿ ಆ ಅನುಕೂಲವಿಲ್ಲ. ದೆವ್ವ ಆಗಲೇ ಒಳಗಿದೆ. ಬಾಗಿಲು ತೆರೆದು ಓಡಿದರೆ ಹೊರಗೆ ಗಾಳಿಯೇ ಇಲ್ಲ. ಗಾಳಿಯಿಲ್ಲದ ಕಡೆ ಶಬ್ದ ಹರಡದು ಎಂದು ಶಾಲೆಯಲ್ಲಿ ಗಾಜಿನ ಜಾಡಿಯೊಳಗೆ ಗಂಟೆ ಬಾರಿಸಿ ತೋರಿಸುತ್ತಾರಲ್ಲ, ಆ ಪಾಠವೇ ಇಲ್ಲಿ ಮೈ ಜುಮ್ಮೆನಿಸುತ್ತದೆ. ಇಂಥ ಸ್ಥಿತಿಯನ್ನು ಕಟ್ಟಲು ಒಂದು ಕೋಣೆ, ಒಂದು ಟಾರ್ಚು, ತೆರೆಯಬಾರದ ಒಂದು ಬಾಗಿಲು ಸಾಕು. ಹಣ ಬೇಕಾಗುವುದು ಭೂತವನ್ನು ಪೂರ್ತಿ ತೋರಿಸುವ ಚಪಲಕ್ಕೆ.

ಭಾರತದಲ್ಲೂ ಇದಕ್ಕೆ ಹತ್ತಿರದ ಪ್ರಯತ್ನ ನಡೆದಿದೆ. ಐಐಟಿ ಕಾನ್ಪುರದಲ್ಲಿ ಓದಿ ಚಿತ್ರರಂಗಕ್ಕೆ ಬಂದ ಆರತಿ ಕಡವ್ ಅವರ ‘ಕಾರ್ಗೋ’ (2019) ಕಡಿಮೆ ಖರ್ಚಿನ ಹಿಂದಿ ಚಿತ್ರ. ಪುಷ್ಪಕ್ ಎಂಬ ನೌಕೆಯಲ್ಲಿ ರಾಕ್ಷಸನೊಬ್ಬ ಗುಮಾಸ್ತನಂತೆ ಕುಳಿತು, ಸತ್ತವರನ್ನು ಮರುಜನ್ಮಕ್ಕೆ ಸಿದ್ಧಗೊಳಿಸುತ್ತಾನೆ! ಸಲಕರಣೆಗಳೆಲ್ಲ ಹಳೆಯ ಸರ್ಕಾರಿ ಕಚೇರಿಯವುಗಳಂತಿವೆ. ಹೆದರಿಕೆಗಿಂತ ಒಂಟಿತನವೇ ಅದರಲ್ಲಿ ಹೆಚ್ಚು.

ಮಕ್ಕಳು ಇವನ್ನು ನೋಡಬಹುದೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ಏಲಿಯನ್’ಗೆ ಬ್ರಿಟನ್ನಿನಲ್ಲಿ ಅಂದು ವಯಸ್ಕರಿಗೆ ಮಾತ್ರ ಎಂಬ ಪ್ರಮಾಣಪತ್ರ ಸಿಕ್ಕಿತ್ತು. ಊಟದ ಮೇಜಿನ ಆ ದೃಶ್ಯ ಹೈಸ್ಕೂಲು ಮಕ್ಕಳಿಗೆ ಖಂಡಿತ ಬೇಡ; ಕಾಲೇಜು ಮೆಟ್ಟಿಲು ಹತ್ತಿದ ಮೇಲೆ ನೋಡಲಿ. ‘ಡಾರ್ಕ್ ಸ್ಟಾರ್’ ಅಷ್ಟು ಕ್ರೂರವಲ್ಲ. ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ, ರಾತ್ರಿ ಊಟಕ್ಕೆ ಮೊದಲು ಮನೆಮಂದಿ ಒಟ್ಟಿಗೆ ಕುಳಿತು ನೋಡಬಹುದು. ಚೆಂಡು ಕಂಡಾಗ ನಗು ಬಂದರೆ ತಡೆಯಬೇಕಿಲ್ಲ.