ಮೂಲೆ ಸೇರಿದ ಎಂಜಿನ್ನಿಗೆ ಬೆಲೆಯೆಷ್ಟು?

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ನಿಪ್ಪಾಣಿಯನ್ನು ಹಿಂದಿಕ್ಕಿ ಕೊಲ್ಲಾಪುರದ ಕಡೆಗೆ ಹೊರಟವರಿಗೆ ಕರ್ನಾಟಕದ ಗಡಿಯಂಚಿನಲ್ಲಿ ಸಿಕ್ಕುವ ಊರು ಕೊಗನೊಳ್ಳಿ. ಸುಂಕದ ಕಟ್ಟೆಯಲ್ಲಿ ಮೋಟಾರು ನಿಂತ ಐದು ನಿಮಿಷದಲ್ಲಿ ಕಣ್ಣಿಗೆ ಬೀಳುವುದು ಹೊಲಗಳ ಹಸುರು. ಕಣ್ಣಿಗೆ ಬೀಳದಿರುವುದು, ಆ ಸೀಮೆಯ ಹಳೆಯ ಬಾವಿಗಳ ಮಗ್ಗುಲಿನ ಗುಡಿಸಲುಗಳಲ್ಲಿ ಗೋಣಿತಾಟು ಹೊದ್ದು ಕುಳಿತ ಡೀಸೆಲ್ ಎಂಜಿನ್ನು. ಎತ್ತು ಕಟ್ಟಿ ಕಪಿಲೆ ಹೊಡೆಯುತ್ತಿದ್ದ ಮನೆಗಳಿಗೆ ಒಂದು ಕಾಲದಲ್ಲಿ ಅದು ಸಂಪತ್ತಿನ ಗುರುತಾಗಿತ್ತು. ಮುಂದೆ ವಿದ್ಯುತ್ತು ಬಂದಿತು; 10 ಅಶ್ವಶಕ್ತಿಯವರೆಗಿನ ಕೃಷಿ ಪಂಪುಗಳಿಗೆ ಅದು ಉಚಿತವೂ ಆಯಿತು; ಎಂಜಿನ್ನು ಮೂಲೆ ಸೇರಿತು.

ಯಜಮಾನರು ತೀರಿಕೊಂಡು, ಹೊಲವನ್ನು ಪಾಲಿಗೆ ಕೊಟ್ಟು, ಮಕ್ಕಳು ಬೆಳಗಾವಿಯಲ್ಲೋ ಬೆಂಗಳೂರಿನಲ್ಲೋ ನೌಕರಿಗೆ ನಿಂತ ಮೇಲೆ ಅದರ ಪ್ರಶ್ನೆ ಏಳುತ್ತದೆ. ರಜೆಗೆ ಬಂದ ಮಗನೆದುರು ಗುಜರಿಯವನು ತಕ್ಕಡಿಯೊಡನೆ ಹಾಜರಾಗುತ್ತಾನೆ. ಕಬ್ಬಿಣದ ದರ ಅವನದು, ಸಾಗಣೆಯ ಖರ್ಚೂ ಅವನದೇ. ಮಗನಿಗೆ ಜಾಗ ತೆರವಾದರೆ ಸಾಕು. ತಾಯಿಗಾದರೋ, ಆ ಎಂಜಿನ್ನು ಎತ್ತಿದ ನೀರಿನಿಂದಲೇ ಮನೆಯ ಎರಡು ಮದುವೆಗಳು ನಡೆದುದು ನೆನಪಿದೆ. ಲಕ್ಷ ರೂಪಾಯಿಗೂ ಕೊಡಕೂಡದೆನ್ನುತ್ತಾಳೆ. ಇಬ್ಬರ ಲೆಕ್ಕವೂ ತಪ್ಪು; ಗುಜರಿಯವನ ಲೆಕ್ಕವೊಂದೇ ಸರಿ, ಅದೂ ಅವನ ಮಟ್ಟಿಗೆ. ಯಾರೂ ಕೇಳದ ನಾಲ್ಕನೆಯವನೊಬ್ಬನುಂಟು: ಪಾಲಿಗೆ ಹೊಲ ಮಾಡುವ ರೈತ. ವಿದ್ಯುತ್ ಕಂಬವಿಲ್ಲದ ಹಳ್ಳದ ದಂಡೆಯ ಎರಡೆಕರೆಗೆ ನೀರೆತ್ತಲು ಅವನಿಗೆ ಬೇಕಾದುದು ಅದೇ ಎಂಜಿನ್ನು.

ತಕ್ಕಡಿಯು ಈ ವಿಷಯದಲ್ಲಿ ಎಷ್ಟು ಕೆಟ್ಟ ಸಾಕ್ಷಿ ಎಂಬುದಕ್ಕೆ ಎರಡು ಯಂತ್ರಗಳನ್ನು ಹೋಲಿಸಿದರೆ ಸಾಕು. ಇಂಗ್ಲೆಂಡಿನ ಡರ್ಸ್ಲಿ ಎಂಬಲ್ಲಿ ಲಿಸ್ಟರ್ ಕಂಪನಿಯು 1930ರ ಸುಮಾರಿನಿಂದ ತಯಾರಿಸಿದ ನಿಧಾನಗತಿಯ ಎಂಜಿನ್ನು 5 ಅಶ್ವಶಕ್ತಿಯದು. ನಿಮಿಷಕ್ಕೆ 600 ಸುತ್ತು. ಎರಡು ಭಾರಿ ಗಾಲಿಗಳೊಡನೆ ಮುನ್ನೂರು ಕಿಲೋಗ್ರಾಮಿಗೂ ಮಿಗಿಲಾದ ತೂಕ. ಗುಜರಾತಿನ ರಾಜಕೋಟೆಯಲ್ಲಿ ಅದರ ಪಡಿಯಚ್ಚುಗಳು ಹೇರಳವಾಗಿ ಎರಕಗೊಂಡವು. ಇನ್ನೊಂದು ಕಿರ್ಲೋಸ್ಕರ್ ಎ.ವಿ.1. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿ, 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು 1946ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಎಂಜಿನ್ ಕಾರಖಾನೆಯ ಮಾದರಿಯಿದು. ಅಶ್ವಶಕ್ತಿ ಅದೇ 5, ಸುತ್ತು 1500, ತೂಕವೋ ಬಹಳ ಕಡಿಮೆ. ಆದುದರಿಂದ ಸಿಲಿಂಡರು ಒಡೆದು ಸತ್ತ ಲಿಸ್ಟರಿಗೆ ಗುಜರಿಯಲ್ಲಿ ಬರುವ ಹಣ, ನಾಳೆಯೇ ನೀರೆತ್ತಬಲ್ಲ ಕಿರ್ಲೋಸ್ಕರಿಗೆ ಬರುವುದಿಲ್ಲ.

ಹಾಗಾದರೆ ಜೀವವಿದೆಯೋ ಇಲ್ಲವೋ ಎಂಬುದನ್ನು ಅರಿಯುವ ಬಗೆ? ಕೊಳ್ಳತಕ್ಕವರು ಮೊದಲು ಮಾಡಬೇಕಾದುದು, ಎಂಜಿನ್ನಿನ ತಲೆಯ ಮೇಲೆ ಅಂಗೈ ಇಟ್ಟು ನೋಡುವುದು. ಅದು ಬೆಚ್ಚಗಿದ್ದರೆ, ಬರುವ ಮುನ್ನವೇ ಮಾರುವವನು ಅದನ್ನು ಓಡಿಸಿ ಇಟ್ಟಿದ್ದಾನೆ. ಸವೆದ ಎಂಜಿನ್ನು ಬಿಸಿಯಿರುವಾಗ ಸಾಧುವಿನಂತೆ ಹೊತ್ತಿಕೊಳ್ಳುತ್ತದೆ. ತಣ್ಣಗಿರುವಾಗ ಅದರ ಗುಟ್ಟು ಹೊರಬೀಳುತ್ತದೆ. ಅಂಥ ದಿನ ಚಹಾ ಕುಡಿದು ಹಿಂದಿರುಗಿ, ಮರುದಿನ ಬೆಳಿಗ್ಗೆ ತಿಳಿಸದೆ ಬರುವುದೇ ಲೇಸು.

ಅನಂತರ ಡೀಸೆಲ್ ಮುಚ್ಚಿ, ಗಾಲಿಯನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಡೀಸೆಲ್ ಎಂಜಿನ್ನಿಗೆ ಕಿಡಿ ಹೊತ್ತಿಸುವ ಸಾಧನವಿಲ್ಲ. ಪಿಸ್ಟನ್ನು ಗಾಳಿಯನ್ನು ಅದುಮಿದಾಗ ಹುಟ್ಟುವ ಶಾಖವೇ ಅದರ ಬೆಂಕಿ. ಅದುಮುವ ಘಟ್ಟ ಬಂದಾಗ ಗಾಲಿಯು ಕೈಯನ್ನು ತಡೆದು ಹಿಂದಕ್ಕೆ ಪುಟಿಯಬೇಕು. ಪುಟಿಯದೆ ಮೆತ್ತಗೆ ದಾಟಿಹೋದರೆ ಗಾಳಿ ಎಲ್ಲಿಯೋ ಸೋರುತ್ತಿದೆ. ಆಗ ಕಿವಿಗೊಟ್ಟು ಕೇಳಬೇಕು: ಹೊಗೆಯ ಕೊಳವೆಯಲ್ಲಿ ‘ಸುಸ್’ ಎಂದರೆ ಹೊರ ವಾಲ್ವು, ಗಾಳಿಯ ಬಾಯಿಯಲ್ಲೆಂದರೆ ಒಳ ವಾಲ್ವು, ಇವು ಅಲ್ಪ ಖರ್ಚಿನ ದೋಷಗಳು. ಕೆಳಗೆ ಎಣ್ಣೆಯ ತೊಟ್ಟಿಯಲ್ಲಿ ಆ ಸದ್ದು ಕೇಳಿಸಿದರೆ ಪಿಸ್ಟನ್ನು, ರಿಂಗು, ಲೈನರುಗಳು ಸವೆದಿವೆ. ಬೆಲೆ ಅಲ್ಲಿಯೇ ಇಳಿಯುತ್ತದೆ. ಗಾಲಿಯ ಕೆಳಗೆ ಹಾರೆಯಿಟ್ಟು ಮೀಟಿದಾಗ ಅದು ಮೇಲೆ ಕೆಳಗೆ ಕುಣಿದರೆ ಬೇರಿಂಗು ಹೋಗಿದೆ. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆ. ಓಡುವಾಗ ತಂಪುನೀರಿನಲ್ಲಿ ಬಿಡುವಿಲ್ಲದೆ ಗುಳ್ಳೆಗಳೆದ್ದರೆ ತಲೆಯ ಗ್ಯಾಸ್ಕೆಟ್ಟು ಸುಟ್ಟಿರಬಹುದು, ತಲೆಯೇ ಬಿರಿದಿರಲೂಬಹುದು. ಕಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಅದು ಡೀಸೆಲಿನೊಡನೆ ಎಣ್ಣೆಯನ್ನೂ ಕುಡಿಯುತ್ತಿದೆ.

ಗಾಲಿ ತಿರುಗದೆ ಬಿಗಿದು ನಿಂತಿದ್ದರೆ ಸತ್ತಿತೆಂದು ತಿಳಿಯುವುದೂ ಆತುರವೇ. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ರಿಂಗುಗಳು ತುಕ್ಕಿನಿಂದ ಅಂಟಿಕೊಳ್ಳುವುದುಂಟು. ಇಂಧನ ಚಿಮ್ಮಿಸುವ ನಳಿಗೆಯನ್ನು ಬಿಚ್ಚಿ, ಆ ರಂಧ್ರದಿಂದ ಡೀಸೆಲ್ ಸುರಿದು ಕೆಲವು ದಿನ ನೆನೆಯಿಟ್ಟರೆ ಬಿಡುವ ಸಂಭವವಿದೆ. ಸುತ್ತಿಗೆಯ ಏಟು ಮಾತ್ರ ಕೂಡದು. ಎರಕದ ಕಬ್ಬಿಣ ಬಿರಿಯಿತೆಂದರೆ ಉಳಿಯುವುದು ಗುಜರಿಯ ಬೆಲೆಯೇ.

ಮಾರಾಟಕ್ಕೆಂದು ಹೊಸದಾಗಿ ಬಳಿದ ಹಸುರು ಬಣ್ಣವು ಬೆಲೆಯನ್ನು ಏರಿಸುವುದಕ್ಕಿಂತ ಅನುಮಾನವನ್ನು ಏರಿಸಬೇಕು. ಬಿರುಕಿನ ಮೇಲಿನ ಬೆಸುಗೆಯನ್ನು ಮುಚ್ಚಲು ಬಣ್ಣಕ್ಕಿಂತ ಅಗ್ಗದ ಉಪಾಯವಿಲ್ಲ. ಹಳೆಯ ಹೆಸರಿನ ತಗಡು, ಅದರ ಮೇಲಿನ ಸಂಖ್ಯೆ ಇವುಗಳನ್ನು ತಿಕ್ಕಿ ಓದಬೇಕು. ಮೂಲ ಇಂಗ್ಲಿಷ್ ಲಿಸ್ಟರಿಗೆ ಬ್ರಿಟನ್ನಿನ ಹಳೆಯ ಎಂಜಿನ್ ಪ್ರಿಯರಲ್ಲಿ ಮರ್ಯಾದೆಯುಂಟು. ಆದರೆ ಆ ಮರ್ಯಾದೆ ಕೊಗನೊಳ್ಳಿಯ ಬಾವಿಯವರೆಗೆ ಹಣವಾಗಿ ಬರುವುದು ದುರ್ಲಭ.

ಕೊಡಗಿನ ತೋಟಗಳಲ್ಲಿ ಮರ ಕೊಯ್ಯುವ ಹಳೆಯ ಯಂತ್ರಗರಗಸವನ್ನು ಕೊಳ್ಳುವವರಿಗೂ ಪರೀಕ್ಷೆ ಹೆಚ್ಚು ಬೇರೆಯಲ್ಲ. ಅದು ಪೆಟ್ರೋಲಿನ ಸಣ್ಣ ಎಂಜಿನ್ನು. ಹಗ್ಗ ಎಳೆದಾಗ ಕೈಗೆ ತಡೆ ಸಿಕ್ಕಬೇಕು. ಹೊಗೆಯ ಡಬ್ಬಿಯನ್ನು ಬಿಚ್ಚಿ ಇಣಿಕಿದಾಗ ಪಿಸ್ಟನ್ನಿನ ಮೈ ಗೀರಿಲ್ಲದೆ ನುಣುಪಾಗಿರಬೇಕು. ಸರಪಳಿ, ಅಲಗು ಸವೆದಿದ್ದರೆ ಚಿಂತೆಯಿಲ್ಲ. ಅವು ಸವೆಯಲೆಂದೇ ಇರತಕ್ಕವು.

ಇನ್ನು ಲೆಕ್ಕ. ಅದೇ ಮಾದರಿಯ, ಚೆನ್ನಾಗಿ ನಡೆಯುವ ಹಳೆಯ ಎಂಜಿನ್ನಿಗೆ ಸುತ್ತಣ ಊರುಗಳಲ್ಲಿ ನಡೆಯುವ ಬೆಲೆಯನ್ನು 100 ಪಾಲೆಂದು ಹಿಡಿಯೋಣ. ಮಿಸ್ತ್ರಿಯು ರಿಪೇರಿಗೆ 35 ಪಾಲು ಹೇಳಿದನೆನ್ನೋಣ, ಸಾಗಣೆಗೆ 5, ಬಿಚ್ಚಿದ ಮೇಲೆ ತಲೆದೋರುವ ದೋಷಗಳಿಗೆ ಮತ್ತೆ 15. ಉಳಿದ 45 ಪಾಲು ನ್ಯಾಯವಾದ ಬೆಲೆ. ಅದು ಗುಜರಿಯ ಬೆಲೆಗಿಂತ ಕೆಳಗಿಳಿದರೆ ಮಾತ್ರ ಗುಜರಿಯವನು ಗೆದ್ದಂತೆ. ಆದರೆ ರಿಪೇರಿಯ 35 ಪಾಲು ಎಲ್ಲೆಡೆಯೂ ಒಂದೇ ಅಲ್ಲ. ಕೊಗನೊಳ್ಳಿಯಿಂದ ಸುಮಾರು 25 ಕಿಲೋಮೀಟರು ದೂರದ ಕೊಲ್ಲಾಪುರದ ಉದ್ಯಮನಗರವು ಎರಕದ ಮನೆಗಳಿಗೂ ಎಂಜಿನ್ನಿನ ಬಿಡಿಭಾಗಗಳಿಗೂ ಹೆಸರಾದುದು. ಬೇರೆ ಸೀಮೆಯಲ್ಲಿ ಬಿಡಿಭಾಗ ಸಿಕ್ಕದೆ ಗುಜರಿಗೆ ಹೋಗುವ ಎಂಜಿನ್ನು ಈ ಗಡಿಯಲ್ಲಿ ಬದುಕುತ್ತದೆ. ಪಾಲಿನ ರೈತನು 45 ಪಾಲನ್ನು ಒಮ್ಮೆಗೇ ಕೊಡಲಾರ. ಎರಡು ಸುಗ್ಗಿಗಳಲ್ಲಿ ಕೊಡಬಲ್ಲ. ಗುಜರಿಯವನ ರೊಕ್ಕ ಅಂದೇ ಕೈಗೆ ಬರುತ್ತದೆ. ಆಯ್ಕೆ ಮನೆಯವರದು, ಎರಡು ಬೆಲೆಗಳ ಅಂತರವೆಷ್ಟೆಂಬುದನ್ನು ಮೊದಲು ತಿಳಿದಿದ್ದರೆ ತಾಯಿ ಮಗನ ಜಗಳವಾದರೂ ಮೊಟಕಾದೀತು.

ಮಿಸ್ತ್ರಿಯನ್ನು ಕರೆಯಿಸುವ ಮೊದಲು ಮನೆಯವರೇ ಮಾಡಬಹುದಾದ ಕೆಲಸವೊಂದಿದೆ. ಎಂಜಿನ್ನನ್ನು ತಿರುಗಿಸಿ ಚಾಲೂ ಮಾಡುವ ಕಬ್ಬಿಣದ ಹಿಡಿಕೆಯು ಬಿಡಿಯಾದ ವಸ್ತು. ಎಂಜಿನ್ನು ನಿಂತುಹೋದ ವರ್ಷವೇ ಅದು ಗುಡಿಸಲನ್ನು ಬಿಟ್ಟು ಹೋಗಿರುತ್ತದೆ. ಹಿಡಿಕೆಯಿಲ್ಲದ ಎಂಜಿನ್ನನ್ನು ಯಾರೂ ಓಡಿಸಿ ನೋಡುವುದಿಲ್ಲ. ಕೆಟ್ಟಿದೆಯೆಂದೇ ಬೆಲೆ ಕಟ್ಟುತ್ತಾರೆ. ಅಟ್ಟದ ಮೇಲೆ, ದನದ ಕೊಟ್ಟಿಗೆಯ ಗೋಡೆಯ ಸಂದಿಯಲ್ಲಿ, ಹಿತ್ತಿಲ ಬಾಗಿಲಿನ ಅಗುಳಿಯ ಜಾಗದಲ್ಲಿ ಹುಡುಕಿದರೆ ಅನೇಕ ವೇಳೆ ಸಿಕ್ಕುತ್ತದೆ.